ನೆಟಿಗೆ ತೆಗೆದರೆ ನೋವು ಹೋಗುತ್ತದಾ? ಆಸ್ಟಿಯೋಪತಿ, ಫಿಸಿಯೋ ಮತ್ತು ನಮ್ಮೂರಿನ ಸೊಂಟ ನೋವು

ಮಂಗಳೂರಿನಲ್ಲಿ ಒಬ್ಬರಿಗೆ ಸೊಂಟ ಹಿಡಿದುಕೊಂಡಿತು ಅಂದರೆ ಸಲಹೆಗೇನೂ ಬರ ಇಲ್ಲ. ಅಮ್ಮ ಮುರಿವೆಣ್ಣೆ ಬಿಸಿ ಮಾಡಿ ತರುತ್ತಾರೆ. ಪಕ್ಕದ ಮನೆಯ ಅಕ್ಕ ಉಳುಕು ತೆಗೆಯುವ ಅಜ್ಜನೊಬ್ಬರ ವಿಷಯ ಹೇಳುತ್ತಾರೆ, "ಒಂದೇ ಸಲ ಎಳೆದದ್ದು ಮಾರಾಯ್ರೆ, ವಾಪಸ್ ನಡ್ಕೊಂಡೇ ಬಂದೆ" ಅಂತ. ಆಫೀಸಿನಲ್ಲಿ ಒಬ್ಬರು ಪ್ರಕೃತಿ ಚಿಕಿತ್ಸೆಗೆ ಅಂತ ಪರೀಕಕ್ಕೋ ಶಾಂತಿವನಕ್ಕೋ ಹೋಗಿ ಹತ್ತು ದಿನ ಇದ್ದು ಬನ್ನಿ ಅನ್ನುತ್ತಾರೆ, ಇನ್ನೊಬ್ಬರು ಅದೆಲ್ಲ ಬಿಡಿ, ಮೊದಲು ಎಂಆರ್‌ಐ ಮಾಡಿಸಿ ಅನ್ನುತ್ತಾರೆ. ಈಗ ಇದರ ಜೊತೆಗೆ ಫೋನಿನಲ್ಲಿ ಬರುವ ವಿಡಿಯೋಗಳು ಬೇರೆ. ಮೇಜಿನ ಮೇಲೆ ಒಬ್ಬ ಮಲಗಿರುತ್ತಾನೆ, ಇನ್ನೊಬ್ಬ ಅವನ ಕುತ್ತಿಗೆ ಹಿಡಿದು ತಿರುಗಿಸುತ್ತಾನೆ, ಮೈಕಿನಲ್ಲಿ ಲಟ್ ಅಂತ ಶಬ್ದ, ಮಲಗಿದವನ ಮುಖದಲ್ಲಿ ನಗು. ಕೆಳಗೆ ಬರೆದಿರುತ್ತದೆ: ಆಸ್ಟಿಯೋಪತಿ, ಕೈರೋಪ್ರಾಕ್ಟಿಕ್, ಮ್ಯಾನುಯಲ್ ಥೆರಪಿ.

ಇವೆಲ್ಲ ಒಂದೇನಾ, ಬೇರೆ ಬೇರೆನಾ? ನೋವು ನಿಜವಾಗಿ ಕಡಿಮೆ ಆಗುತ್ತದಾ? ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಕೈಯಿಂದ ಮಾಡುವ ಚಿಕಿತ್ಸೆಯಲ್ಲಿ ಸ್ವಲ್ಪ ಮಟ್ಟಿಗೆ ನೋವು ಕಡಿಮೆ ಆಗುವುದು ನಿಜ. ಆದರೆ ಯಾಕೆ ಕಡಿಮೆ ಆಯಿತು ಅಂತ ಚಿಕಿತ್ಸೆ ಮಾಡುವವರು ಕೊಡುವ ಕಾರಣ ಹೆಚ್ಚಿನ ಸಲ ತಪ್ಪು. ಆ ತಪ್ಪು ಕಾರಣವನ್ನು ನಂಬಿದ್ದರಿಂದಲೇ ಜನ ತಿಂಗಳುಗಟ್ಟಲೆ ದುಡ್ಡು ಕೊಟ್ಟುಕೊಂಡು, ಹೆದರಿಕೊಂಡು ಓಡಾಡುತ್ತಾರೆ.

ಆಸ್ಟಿಯೋಪತಿ ಶುರುವಾದದ್ದು ಅಮೆರಿಕದಲ್ಲಿ. ಆಂಡ್ರ್ಯೂ ಟೇಲರ್ ಸ್ಟಿಲ್ ಅಂತ ಒಬ್ಬ ವೈದ್ಯ. 1864ರಲ್ಲಿ ಅವನ ಮೂರು ಮಕ್ಕಳು ಮೆದುಳು ಜ್ವರದಲ್ಲಿ ತೀರಿಕೊಂಡರು. ಆ ಕಾಲದ ಔಷಧಿ ಅಂದರೆ ಪಾದರಸ, ಅಫೀಮು, ಹೆಂಡ. ರೋಗಕ್ಕಿಂತ ಮದ್ದೇ ಜಾಸ್ತಿ ಜನರನ್ನು ಕೊಲ್ಲುತ್ತಿತ್ತೇನೋ. ಸ್ಟಿಲ್‌ಗೆ ಆ ಮದ್ದಿನ ಮೇಲೆ ನಂಬಿಕೆಯೇ ಹೊರಟುಹೋಯಿತು. ಎಲುಬು, ಕೀಲು ತಮ್ಮ ಜಾಗದಲ್ಲಿ ಸರಿಯಾಗಿದ್ದರೆ ರಕ್ತ ಸರಿಯಾಗಿ ಓಡುತ್ತದೆ, ರಕ್ತ ಓಡಿದರೆ ದೇಹ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ ಅಂತ ಅವನು ಹೇಳಿದ. 1874ರಲ್ಲಿ ಅದನ್ನು ಸಾರಿದ, 1892ರಲ್ಲಿ ಮಿಸ್ಸೌರಿಯ ಕರ್ಕ್ಸ್‌ವಿಲ್ ಎಂಬ ಊರಿನಲ್ಲಿ ಕಾಲೇಜು ತೆರೆದ. ಮೂರು ವರ್ಷದ ನಂತರ, 1895ರಲ್ಲಿ, ಅಯೋವಾದ ಡೇವನ್‌ಪೋರ್ಟಿನಲ್ಲಿ ಡೇನಿಯಲ್ ಡೇವಿಡ್ ಪಾಮರ್ ಕೈರೋಪ್ರಾಕ್ಟಿಕ್ ಶುರು ಮಾಡಿದ. ಅವನ ಲೆಕ್ಕದಲ್ಲಿ ರಕ್ತದ ಬದಲು ನರ, ಬೆನ್ನಿನ ಮಣಿ ಜಾರಿ ನರ ಒತ್ತಿದರೆ ಕಾಯಿಲೆ. ಅಂದರೆ ಎರಡೂ ಹುಟ್ಟಿದ್ದು ಎಕ್ಸ್‌ರೇ ಬರುವ ಮುಂಚೆ, ಒಳಗೆ ಏನಾಗುತ್ತಿದೆ ಅಂತ ಯಾರೂ ನೋಡಿರದ ಕಾಲದಲ್ಲಿ. ಎಲುಬು ಜಾರಿದ್ದರಿಂದ ಜ್ವರ, ಕಿವುಡು, ಅಸ್ತಮಾ ಬರುತ್ತದೆ ಅನ್ನುವ ಆ ಮೂಲ ಸಿದ್ಧಾಂತ ನಿಲ್ಲಲಿಲ್ಲ. ಕೈಯ ಕೆಲಸ ಮಾತ್ರ ಉಳಿದುಕೊಂಡಿತು.

ಆಮೇಲೆ ದಾರಿ ಕವಲೊಡೆಯಿತು. ಅಮೆರಿಕದಲ್ಲಿ ಆಸ್ಟಿಯೋಪತಿ ಓದಿದವರು ಈಗ ಪೂರ್ತಿ ಡಾಕ್ಟರುಗಳು. ಆಪರೇಷನ್ ಮಾಡುತ್ತಾರೆ, ಮಾತ್ರೆ ಬರೆಯುತ್ತಾರೆ, ಅವರಲ್ಲಿ ಎಷ್ಟೋ ಮಂದಿ ಕೈಚಿಕಿತ್ಸೆ ಮಾಡುವುದೇ ಇಲ್ಲ. ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ 1993ರಲ್ಲಿ ಕಾನೂನು ಆಯಿತು, ಆಸ್ಟಿಯೋಪತ್ ಅಂತ ಕರೆದುಕೊಳ್ಳಬೇಕಾದರೆ ನೋಂದಣಿ ಬೇಕು, ಮಾಡುವ ಕೆಲಸ ಮುಖ್ಯವಾಗಿ ಕೈಯದ್ದು. ನಮ್ಮಲ್ಲಿ ಇವೆರಡೂ ಇಲ್ಲ. ನರ್ಸಿಂಗಿಗೆ, ಹಲ್ಲಿನ ಡಾಕ್ಟರಿಗೆ ಇರುವ ಹಾಗೆ ಆಸ್ಟಿಯೋಪತಿಗೆ ಅಂತಲೇ ಒಂದು ಕೌನ್ಸಿಲ್ ಇಲ್ಲ, ಆಯುಷ್ ಪದ್ಧತಿಗಳ ಪಟ್ಟಿಯಲ್ಲೂ ಅದು ಸೇರಿಲ್ಲ. ಹಾಗಾಗಿ ಬೋರ್ಡಿನಲ್ಲಿ ಆ ಶಬ್ದ ನೋಡಿದರೆ ಒಳಗೆ ಇರುವವರು ನಾಲ್ಕೂವರೆ ವರ್ಷ ಬಿಪಿಟಿ ಓದಿ ಮೇಲೆ ಕೋರ್ಸ್ ಮಾಡಿದ ಫಿಸಿಯೋಥೆರಪಿಸ್ಟ್ ಇರಬಹುದು, ಬಿಎನ್‌ವೈಎಸ್ ಮಾಡಿದ ಪ್ರಕೃತಿ ಚಿಕಿತ್ಸೆಯ ಡಾಕ್ಟರ್ ಇರಬಹುದು, ಅಥವಾ ಶನಿವಾರ ಭಾನುವಾರ ಒಂದು ವರ್ಕ್‌ಶಾಪ್ ಮುಗಿಸಿದವರೂ ಇರಬಹುದು. ಬೋರ್ಡು ನೋಡಿ ಗೊತ್ತಾಗುವುದಿಲ್ಲ. ಕೇಳಬೇಕು.

ಸರಿ, ಮೇಜಿನ ಮೇಲೆ ಏನು ಮಾಡುತ್ತಾರೆ? ಹೆಸರು ಯಾವುದೇ ಇರಲಿ, ಕೈಯ ಕೆಲಸದಲ್ಲಿ ಮೂರು ನಾಲ್ಕು ಬಗೆ ಇದೆ ಅಷ್ಟೆ. ಒಂದು, ಮಾಂಸಖಂಡವನ್ನು ಒತ್ತುವುದು, ಉಜ್ಜುವುದು. ಇದು ನಮಗೆ ಹೊಸತಲ್ಲ, ಎಣ್ಣೆ ತಿಕ್ಕಿ ಅಂಡೆಯ ಬಿಸಿನೀರು ಹೊಯ್ಯುವ ಊರಿನವರು ನಾವು. ಎರಡು, ಕೀಲನ್ನು ನಿಧಾನವಾಗಿ ಅಲುಗಾಡಿಸುವುದು. ಆಸ್ಟ್ರೇಲಿಯಾದ ಜೆಫ್ರಿ ಮೇಟ್‌ಲ್ಯಾಂಡ್ ಇದನ್ನು ಗ್ರೇಡ್ ಒಂದರಿಂದ ನಾಲ್ಕರವರೆಗೆ ಅಂತ ವಿಂಗಡಿಸಿದ. ಒಂದನೇ ಗ್ರೇಡ್ ಅಂದರೆ ಅಲುಗಿದ್ದೇ ಗೊತ್ತಾಗದಷ್ಟು ಸಣ್ಣದು, ನಾಲ್ಕನೇದು ಕೀಲು ಹೋಗುವ ಕೊನೆಯ ತನಕ ಹೋಗಿ ಅಲ್ಲೇ ಸಣ್ಣದಾಗಿ ಒತ್ತುವುದು. ಫಿಸಿಯೋ ಓದುವ ಮಕ್ಕಳು ಪರೀಕ್ಷೆಗೆ ಇದನ್ನೇ ಉರು ಹೊಡೆಯುತ್ತಾರೆ. ಮೂರನೇದು ವಿಡಿಯೋದಲ್ಲಿ ಬರುವ ನೆಟಿಗೆ: ಕೀಲನ್ನು ಕೊನೆಯ ತನಕ ತಿರುಗಿಸಿ ಅಲ್ಲಿಂದ ಚಕ್ಕನೆ ಒಂದು ಸಣ್ಣ ತಳ್ಳು.

ನಾಲ್ಕನೇದು ನನಗೆ ಇಷ್ಟವಾದದ್ದು, ಆಸ್ಟಿಯೋಪತಿಯಿಂದಲೇ ಬಂದದ್ದು. ಇಂಗ್ಲಿಷಿನಲ್ಲಿ ಮಸಲ್ ಎನರ್ಜಿ ಅನ್ನುತ್ತಾರೆ. ಕುತ್ತಿಗೆ ಬಲಕ್ಕೆ ತಿರುಗುತ್ತಿಲ್ಲ ಅಂತ ಇಟ್ಟುಕೊಳ್ಳಿ. ಥೆರಪಿಸ್ಟ್ ನಿಮ್ಮ ತಲೆಯನ್ನು ಬಲಕ್ಕೆ ಎಷ್ಟು ಹೋಗುತ್ತದೋ ಅಷ್ಟೇ ತಿರುಗಿಸಿ ನಿಲ್ಲಿಸುತ್ತಾರೆ. ಎಡ ಕೆನ್ನೆಯ ಮೇಲೆ ಅಂಗೈ ಇಟ್ಟು "ಈಗ ನನ್ನ ಕೈಯನ್ನು ಎಡಕ್ಕೆ ತಳ್ಳಿ, ಮೆಲ್ಲ, ಜೋರು ಬೇಡ" ಅನ್ನುತ್ತಾರೆ. ನೀವು ತಳ್ಳುತ್ತೀರಿ, ಅವರು ಬಿಡುವುದಿಲ್ಲ, ತಲೆ ಅಲುಗುವುದಿಲ್ಲ. ಐದಾರು ಸೆಕೆಂಡು. "ಬಿಡಿ, ಉಸಿರು ಹೊರಗೆ." ಆಗ ತಲೆ ಇನ್ನೊಂದು ಸ್ವಲ್ಪ ಬಲಕ್ಕೆ ಹೋಗುತ್ತದೆ, ಎಳೆತವಿಲ್ಲದೆ. ಮೂರು ನಾಲ್ಕು ಸಲ ಹೀಗೆ ಮಾಡಿದರೆ ಬೆಳಗ್ಗೆ ಸ್ಕೂಟರ್ ರಿವರ್ಸ್ ತೆಗೆಯುವಾಗ ಹಿಂದೆ ನೋಡಲು ಆಗದಿದ್ದವರು ಸಾಮಾನ್ಯವಾಗಿ ಭುಜದ ತನಕ ತಿರುಗಿಸುತ್ತಾರೆ. ಶಬ್ದ ಇಲ್ಲ, ವಿಡಿಯೋ ಮಾಡಿದರೆ ಯಾರೂ ನೋಡುವುದಿಲ್ಲ.

ಇನ್ನು ಆ ಶಬ್ದದ ವಿಷಯ. ಜಾರಿದ ಎಲುಬು ಜಾಗಕ್ಕೆ ಕೂತ ಶಬ್ದ ಅಂತ ಹೆಚ್ಚಿನವರು ನಂಬಿದ್ದಾರೆ, ನೆಟಿಗೆ ತೆಗೆಯುವವರು ಕೆಲವರೂ ಹಾಗೇ ಹೇಳುತ್ತಾರೆ. ಅಲ್ಲ. ಕೀಲಿನೊಳಗೆ ಜಾರುವುದಕ್ಕೆ ಎಣ್ಣೆಯಂಥ ಒಂದು ದ್ರವ ಇರುತ್ತದೆ, ಅದರಲ್ಲಿ ಗ್ಯಾಸ್ ಕರಗಿರುತ್ತದೆ. ಎರಡು ಎಲುಬನ್ನು ಚಕ್ಕನೆ ದೂರ ಮಾಡಿದರೆ ಒಳಗೆ ಒತ್ತಡ ಇಳಿಯುತ್ತದೆ, ಗ್ಯಾಸ್ ಹೊರಗೆ ಬಂದು ಅಲ್ಲೊಂದು ಟೊಳ್ಳು ಆಗುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದ ಕೂಡಲೇ ಗುಳ್ಳೆ ಏಳುವ ಹಾಗೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಎಂಆರ್‌ಐ ಯಂತ್ರದೊಳಗೇ ಬೆರಳಿನ ನೆಟಿಗೆ ತೆಗೆದು ಇದನ್ನು ಚಿತ್ರ ಹಿಡಿದರು. ಟೊಳ್ಳು ಹುಟ್ಟುವ ಹೊತ್ತಿಗೇ ಶಬ್ದ ಬರುತ್ತದೆ. ಗ್ಯಾಸ್ ಮತ್ತೆ ಕರಗಲು ಸುಮಾರು ಇಪ್ಪತ್ತು ನಿಮಿಷ ಬೇಕು, ಅದಕ್ಕೇ ಒಂದೇ ಬೆರಳಿಗೆ ಕೂಡಲೇ ಎರಡನೇ ಸಲ ನೆಟಿಗೆ ಬರುವುದಿಲ್ಲ. ಈಗಲೇ ಮಾಡಿ ನೋಡಿ ಬೇಕಾದರೆ. ಇನ್ನೊಂದು, ಶಬ್ದ ಬಂದರೂ ಬರದಿದ್ದರೂ ನೋವು ಇಳಿಯುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ನೆಟಿಗೆ ತೆಗೆದರೆ ಗಂಟುವಾತ ಬರುತ್ತದೆ ಅಂತ ಅಜ್ಜಿ ಬೈಯುತ್ತಾರಲ್ವಾ, ಅದಕ್ಕೂ ಆಧಾರ ಸಿಕ್ಕಿಲ್ಲ. ಅಮೆರಿಕದ ಡೊನಾಲ್ಡ್ ಅಂಗರ್ ಎಂಬ ಡಾಕ್ಟರ್ 60 ವರ್ಷ ಬರೀ ಎಡಗೈಯ ನೆಟಿಗೆ ಮಾತ್ರ ತೆಗೆದು, ಬಲಗೈಗೂ ಎಡಗೈಗೂ ವ್ಯತ್ಯಾಸವೇ ಇಲ್ಲ ಅಂತ ತೋರಿಸಿ 2009ರಲ್ಲಿ ಇಗ್ನೋಬೆಲ್ (ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವುದು) ಬಹುಮಾನ ತೆಗೆದುಕೊಂಡ. ಅವನ ಅಮ್ಮ ಹೇಳಿದ್ದು ಸುಳ್ಳು ಅಂತ ಸಾಬೀತು ಮಾಡಲಿಕ್ಕೆ 60 ವರ್ಷ!

ಎಲುಬು ಎಲ್ಲಿಗೂ ಹೋಗಲಿಲ್ಲ, ಬರಲಿಲ್ಲ. ಹಾಗಾದರೆ ನೋವು ಯಾಕೆ ಇಳಿಯಿತು?

ಮಕ್ಕಳು ಬಿದ್ದು ಮೊಣಕಾಲು ತಾಗಿಸಿಕೊಂಡರೆ ನಾವು ಮೊದಲು ಮಾಡುವುದೇ ಉಜ್ಜುವುದು. ನೋವು ಸ್ವಲ್ಪ ಇಳಿಯುತ್ತದೆ ಕೂಡ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ಇದಕ್ಕೆ ಒಂದು ವಿವರಣೆ ಕೊಟ್ಟರು. ನೋವಿನ ಸುದ್ದಿ ಸಣ್ಣ ನರಗಳಲ್ಲಿ ಬರುತ್ತದೆ, ಮುಟ್ಟಿದ, ಒತ್ತಿದ ಸುದ್ದಿ ದೊಡ್ಡ ನರಗಳಲ್ಲಿ ಬರುತ್ತದೆ, ಎರಡೂ ಬೆನ್ನುಹುರಿಯಲ್ಲಿ ಸೇರುತ್ತವೆ. ಮುಟ್ಟಿದ ಸುದ್ದಿ ಜಾಸ್ತಿ ಬಂದರೆ ನೋವಿನ ಸುದ್ದಿ ಅಲ್ಲೇ ತಗ್ಗುತ್ತದೆ, ಮೆದುಳಿಗೆ ಅಷ್ಟಾಗಿ ಹೋಗುವುದಿಲ್ಲ. ಆಮೇಲಿನ ಸಂಶೋಧನೆಯಲ್ಲಿ ಈ ಚಿತ್ರ ತುಂಬ ಬದಲಾಗಿದೆ, ಮೆದುಳು ಮೇಲಿನಿಂದಲೂ ನೋವನ್ನು ಏರಿಸುತ್ತದೆ, ಇಳಿಸುತ್ತದೆ ಅಂತ ಗೊತ್ತಾಗಿದೆ. ಆದರೆ ಮೂಲ ವಿಷಯ ಉಳಿದಿದೆ. ಒಂದು ನಂಬಿಕೆಯ ಕೈ ನೋವಿರುವ ಜಾಗದ ಮೇಲೆ ಬಿದ್ದಾಗ ಬಿಗಿ ಹಿಡಿದ ಮಾಂಸಖಂಡ ಸಡಿಲವಾಗುತ್ತದೆ, ಅಲುಗಾಡಿಸಲು ಇದ್ದ ಹೆದರಿಕೆ ಕಡಿಮೆ ಆಗುತ್ತದೆ. ಯಾರೋ ಅರ್ಧ ಗಂಟೆ ನಮ್ಮ ನೋವಿನ ಕಥೆ ಕೇಳಿದರು ಅನ್ನುವುದಕ್ಕೂ ಇದರಲ್ಲಿ ಪಾಲಿದೆ. ಓಪಿಡಿಯಲ್ಲಿ ಮೂರು ನಿಮಿಷದಲ್ಲಿ ಚೀಟಿ ಹಿಡಿದು ಹೊರಬಂದವರಿಗೆ ಅದರ ಬೆಲೆ ಗೊತ್ತು.

ಇದರ ಜೊತೆ ಯಾರೂ ಹೇಳದ ಒಂದು ಕಾರಣ ಇದೆ. ಹೊಸದಾಗಿ ಹಿಡಿದ ಸೊಂಟ ನೋವು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಅದರಷ್ಟಕ್ಕೇ ತುಂಬ ಮಟ್ಟಿಗೆ ಇಳಿಯುತ್ತದೆ. ನಾವು ಚಿಕಿತ್ಸೆಗೆ ಹೋಗುವುದು ಯಾವಾಗ? ನೋವು ತಡೆಯಲು ಆಗದಿದ್ದ ದಿನ. ಅದರ ನಂತರ ಇಳಿಯುವುದೇ ಸಹಜ. ಉಳುಕು ತೆಗೆದ ಅಜ್ಜನಿಗೂ, ಎಣ್ಣೆಗೂ, ಹರಕೆಗೂ, ಫಿಸಿಯೋಗೂ ಈ ಹೆಸರು ಪುಕ್ಕಟೆ ಸಿಗುತ್ತದೆ.

ಅದಕ್ಕೇ ಹೋಲಿಸಿ ನೋಡಬೇಕಾಗುತ್ತದೆ. 2021ರಲ್ಲಿ ಫ್ರಾನ್ಸಿನಲ್ಲಿ ಸೊಂಟ ನೋವಿನ 400 ಜನರನ್ನು ಎರಡು ಗುಂಪು ಮಾಡಿದ ಅಧ್ಯಯನ ಪ್ರಕಟವಾಯಿತು. ಒಂದು ಗುಂಪಿಗೆ ಸರಿಯಾದ ಆಸ್ಟಿಯೋಪತಿ, ಇನ್ನೊಂದಕ್ಕೆ ಸುಮ್ನೆ ಮೆಲ್ಲಗೆ ಮುಟ್ಟುವುದು, ಎರಡು ವಾರಕ್ಕೊಮ್ಮೆಯಂತೆ ಆರು ಸಲ. ಮೂರು ತಿಂಗಳಿಗೆ ನೋಡಿದಾಗ ದಿನದ ಕೆಲಸ ಮಾಡುವುದರಲ್ಲಿ ಆಸ್ಟಿಯೋಪತಿ ಗುಂಪು ಸ್ವಲ್ಪ ಮುಂದಿತ್ತು, ಆದರೆ ರೋಗಿಗೆ ಗೊತ್ತಾಗುವಷ್ಟು ಅಂತರ ಅಲ್ಲ. ಮತ್ತೊಂದು ಕಡೆ, ಹಳೇ ಸೊಂಟ ನೋವಿಗೆ ಬೆನ್ನಿನ ಕೈಚಿಕಿತ್ಸೆ ವ್ಯಾಯಾಮದಂಥ ಬೇರೆ ಒಳ್ಳೆಯ ಚಿಕಿತ್ಸೆಗಳಷ್ಟೇ ಕೆಲಸ ಮಾಡುತ್ತದೆ, ಅದಕ್ಕಿಂತ ಜಾಸ್ತಿ ಅಲ್ಲ ಅಂತ 2019ರಲ್ಲಿ 47 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು ಹೇಳಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹಳೇ ಸೊಂಟ ನೋವಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ವ್ಯಾಯಾಮ, ಮಸಾಜು, ಕೈಚಿಕಿತ್ಸೆ ಮೂರೂ ಇವೆ. ಇಂಗ್ಲೆಂಡಿನ 2016ರ ಮಾರ್ಗಸೂಚಿಯಲ್ಲಿ ಒಂದು ಷರತ್ತಿದೆ, ಅದೇ ನನಗೆ ಎಲ್ಲಕ್ಕಿಂತ ಸರಿ ಅನಿಸುವುದು: ಕೈಚಿಕಿತ್ಸೆ ಬೇಕಾದರೆ ಕೊಡಿ, ಆದರೆ ವ್ಯಾಯಾಮದ ಜೊತೆ ಮಾತ್ರ.

ಯಾಕೆ ಹಾಗೆ? ಬೀಡಿ ಕಟ್ಟುವ ಅಕ್ಕಂದಿರನ್ನು ನೋಡಿ. ಬಂಟ್ವಾಳದಿಂದ ಕಾರ್ಕಳದ ತನಕ ಎಷ್ಟು ಮನೆಯ ಜಗಲಿಯಲ್ಲಿ ಈ ಕೆಲಸ ನಡೆದಿಲ್ಲ? ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ಕಣ್ಣು ಕೈಯ ಮೇಲೆ. ತಲೆ ಅಂದರೆ ನಾಲ್ಕೈದು ಕಿಲೋ ತೂಕ, ಅದು ಗಂಟೆಗಟ್ಟಲೆ ಮುಂದೆ ತೂಗಿಕೊಂಡಿರುತ್ತದೆ, ಹಿಂದಿನಿಂದ ಕುತ್ತಿಗೆಯ ಮಾಂಸಖಂಡ ಅದನ್ನು ಹಿಡಿದುಕೊಂಡಿರಬೇಕು. ಸಂಜೆಗೆ ಭುಜದ ಮೇಲೆ ಕಲ್ಲು ಕಟ್ಟಿದ ಹಾಗೆ ಬಿಗಿ. ಇವರಿಗೆ ಫಿಸಿಯೋ ಒತ್ತಿ, ಅಲುಗಾಡಿಸಿ ಕಳಿಸಿದರೆ ಎರಡು ದಿನ ಹಾಯಾಗಿರುತ್ತದೆ. ಮೂರನೇ ದಿನ ಮತ್ತೆ ತಡ್ಪೆಯ ಮುಂದೆ. ಅದೇ ಎರಡು ಹಾಯಾದ ದಿನಗಳಲ್ಲಿ ಕುತ್ತಿಗೆಗೆ, ಭುಜಕ್ಕೆ ಬಲ ಬರುವ ನಾಲ್ಕು ವ್ಯಾಯಾಮ ಕಲಿಸಿ, ತಡ್ಪೆಯ ಅಡಿಗೆ ಒಂದು ಮಣೆ ಇಟ್ಟು ಎತ್ತರ ಮಾಡಿ, ನಾಲ್ಕು ಕಟ್ಟು ಆದ ಮೇಲೆ ಒಮ್ಮೆ ಎದ್ದು ಬಾವಿಕಟ್ಟೆಯ ತನಕ ಹೋಗಿ ಬರುವ ಅಭ್ಯಾಸ ಮಾಡಿಸಿದರೆ ಆ ಕೈಚಿಕಿತ್ಸೆಗೆ ಬೆಲೆ ಬಂತು. ನೋವು ಇಳಿದಿರುವ ಆ ಸಣ್ಣ ಅವಧಿಯನ್ನು ಯಾತಕ್ಕೆ ಬಳಸಿದರು ಅನ್ನುವುದೇ ಮುಖ್ಯ, ಬೀಡಿ ರೇಟಿಗೆ ದಿನ ಕಳೆಯುವವರಿಗೆ ಎದ್ದು ಹೋಗು ಅನ್ನುವುದು ಸುಲಭವಲ್ಲ ಅಂತ ಗೊತ್ತಿದ್ದೂ ಹೇಳುತ್ತಿದ್ದೇನೆ.

ಯಕ್ಷಗಾನದವರದ್ದು ಇದರ ಉಲ್ಟಾ. ಅವರು ಕೂತು ಕೆಟ್ಟವರಲ್ಲ. ರಾತ್ರಿಯಿಡೀ ಧೀಂಗಿಣದ ಸುತ್ತು, ಬಡಗುತಿಟ್ಟಿನವರಾದರೆ ಮಂಡಿಯೂರಿ ಸುತ್ತುವ ಕುಣಿತ, ತಲೆಯ ಮೇಲೆ ಕಿರೀಟ, ಬೆಳಗ್ಗೆ ಬಸ್ಸಿನಲ್ಲಿ ಕುತ್ತಿಗೆ ವಾಲಿಸಿ ನಿದ್ದೆ. ಇಂಥವರಿಗೆ ವ್ಯಾಯಾಮ ಸಾಲದು ಅಂತ ಹೇಳಿದರೆ ನಗುತ್ತಾರೆ. ಆಟದ ಮುಂಚೆ ಮೈ ಬಿಸಿ ಮಾಡಿಕೊಳ್ಳುವುದು, ನೋವಿರುವ ದಿನ ವೇಷ ಬದಲಿಸಿ ಕೊಡುವುದು, ನಿದ್ದೆ. ಇವು ಸಿಗದೆ ಬರೀ ಮಂಡಿಯನ್ನು ಒತ್ತಿಸಿಕೊಂಡು ಏನೂ ಆಗುವುದಿಲ್ಲ.

ಎಂಆರ್‌ಐ ಹಿಡಿದುಕೊಂಡು ಹೆದರುವವರಿಗೂ ಒಂದು ಮಾತು. "ಎಲ್4 ಎಲ್5 ಗ್ಯಾಪ್ ಬಂದಿದೆ", "ಡಿಸ್ಕ್ ಉಬ್ಬಿದೆ", "ಸವೆದಿದೆ" ಅಂತ ರಿಪೋರ್ಟು ಬಂದ ಕೂಡಲೇ ಕೆಲವರು ಬಗ್ಗುವುದನ್ನೇ ಬಿಟ್ಟುಬಿಡುತ್ತಾರೆ. ಎಲ್4, ಎಲ್5 ಅಂದರೆ ಸೊಂಟದ ಎರಡು ಮಣಿಗಳು, ಡಿಸ್ಕ್ ಅಂದರೆ ಮಣಿಗಳ ನಡುವಿನ ಮೆತ್ತೆ. ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನುಗಳ ಲೆಕ್ಕ 2015ರಲ್ಲಿ ಪ್ರಕಟವಾಯಿತು. ನೋವಿಲ್ಲದ 20 ವರ್ಷದವರಲ್ಲೇ ಶೇಕಡಾ 37 ಮಂದಿಗೆ ಡಿಸ್ಕ್ ಸವೆತ ಇತ್ತು. 50 ವರ್ಷದವರಲ್ಲಿ ಶೇಕಡಾ 80. ಡಿಸ್ಕ್ ಉಬ್ಬಿರುವುದು 50 ವರ್ಷದವರಲ್ಲಿ ಶೇಕಡಾ 60. ಕೂದಲು ನೆರೆದದ್ದಕ್ಕೆ ಯಾರೂ ಆಪರೇಷನ್ ಕೇಳುವುದಿಲ್ಲ ತಾನೇ. ಸ್ಕ್ಯಾನಿನಲ್ಲಿ ಕಂಡದ್ದೇ ನೋವಿಗೆ ಕಾರಣ ಅಂತ ಹೇಳಬೇಕಾದರೆ ಅದು ಕಾಲಿನ ನೋವಿಗೆ, ಜೋಮಿಗೆ, ಬಲ ಕಡಿಮೆಯಾದದ್ದಕ್ಕೆ ತಾಳೆ ಆಗಬೇಕು. ಮತ್ತೆ, ಉಬ್ಬಿದ ಡಿಸ್ಕನ್ನು ಕೈಯಿಂದ ಒಳಗೆ ತಳ್ಳಿದೆ ಅನ್ನುವವರನ್ನು ನಂಬಬೇಡಿ. ಅದು ಕೈಗೆ ಸಿಗುವ ಜಾಗದಲ್ಲೇ ಇಲ್ಲ.

ತಲೆಬುರುಡೆಯ ಎಲುಬನ್ನು ಮೆಲ್ಲಗೆ ಹಿಡಿದು ಒಳಗಿನ ನೀರಿನ ತಾಳ ಸರಿಮಾಡುತ್ತೇವೆ ಅನ್ನುವ ಒಂದು ಶಾಖೆಯೂ ಆಸ್ಟಿಯೋಪತಿಯಲ್ಲಿ ಇದೆ. ಮಲಗಿದ್ದಾಗ ಹಾಯೆನಿಸಬಹುದು. ಅದರ ಹಿಂದಿನ ವಿವರಣೆಗೆ ಗಟ್ಟಿ ಆಧಾರ ಇಲ್ಲ, ಅಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಅಪಾಯದ ಬಗ್ಗೆ ಮಾತ್ರ ಹಾಗೆ ಮುಂದೆ ಹೋಗಲು ಆಗುವುದಿಲ್ಲ. ಮೆದುಳಿಗೆ ಹೋಗುವ ಎರಡು ರಕ್ತನಾಳಗಳು ಕುತ್ತಿಗೆಯ ಮಣಿಗಳ ತೂತಿನೊಳಗಿಂದಲೇ ಮೇಲೆ ಹತ್ತುತ್ತವೆ, ತಲೆಯ ಬುಡದಲ್ಲಿ ಒಂದು ತಿರುವು ತೆಗೆದುಕೊಳ್ಳುತ್ತವೆ. ಕುತ್ತಿಗೆಯನ್ನು ಜೋರಾಗಿ ತಿರುಗಿಸಿದಾಗ ಆ ನಾಳದ ಒಳಪದರ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆದ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಇವೆ. ತೀರಾ ಅಪರೂಪ. ಆದರೆ ಸಣ್ಣ ಪ್ರಾಯದವರಿಗೂ ಆಗಿದೆ. ಇದನ್ನು ಓದಿದ ಮೇಲೆ ನಮ್ಮ ಸೆಲೂನುಗಳಲ್ಲಿ ತಲೆ ಮಸಾಜ್ ಮುಗಿದ ಮೇಲೆ ಕೇಳದೆಯೇ ಗಲ್ಲ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಲಟಕ್ ಅನಿಸುವ ಆ ಕ್ರಮ ನೆನಪಾಗುತ್ತದೆ. "ಅಣ್ಣ, ಕುತ್ತಿಗೆ ಬೇಡ" ಅಂತ ಕೂರುವಾಗಲೇ ಹೇಳಿಬಿಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಥೆರಪಿಸ್ಟ್ ಹತ್ತಿರ ಕೂಡ ಕುತ್ತಿಗೆಯ ನೆಟಿಗೆ ಬೇಡ ಅನ್ನುವ ಹಕ್ಕು ನಿಮಗಿದೆ. ಅಲುಗಾಡಿಸುವುದು, ಮೇಲೆ ಹೇಳಿದ ತಳ್ಳಿ ಬಿಡುವ ಕ್ರಮ, ಇವೆಲ್ಲ ಇರುವಾಗ ಅದೇ ಬೇಕೆಂದೇನಿಲ್ಲ.

ಎಲುಬು ಟೊಳ್ಳಾಗಿರುವ ವಯಸ್ಸಾದವರಿಗೆ, ಮುಖ್ಯವಾಗಿ ಮುಟ್ಟು ನಿಂತ ಹೆಂಗಸರಿಗೆ, ತುಂಬ ಕಾಲ ಸ್ಟೀರಾಯ್ಡ್ ತಿಂದವರಿಗೆ, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಜೋರಿನ ನೆಟಿಗೆ ಬೇಡ. ಇನ್ನು ಕೆಲವು ಲಕ್ಷಣ ಕಂಡರೆ ಎಣ್ಣೆಯೂ ಬೇಡ, ಫಿಸಿಯೋವೂ ಬೇಡ, ನೇರ ಡಾಕ್ಟರ ಹತ್ತಿರ ಹೋಗಬೇಕು. ಬೆನ್ನು ನೋವಿನ ಜೊತೆ ಸಂಜೆ ಜ್ವರ ಬರುತ್ತಿದೆ, ತೂಕ ಇಳಿಯುತ್ತಿದೆ ಅಂದರೆ ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮರೆಯುವಂತಿಲ್ಲ. ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬೆನ್ನು ನೋವು ಬಂದರೆ ಕಾಯಬಾರದು. ಪ್ರಾಯದ ಹುಡುಗನಿಗೆ ಬೆಳಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಜಾಸ್ತಿ ಬೆನ್ನು ಬಿಗಿ, ನಡೆದಾಡಿದರೆ ಕಡಿಮೆ, ಮಲಗಿದರೆ ಹೆಚ್ಚು ಅಂದರೆ ಅದು ಬೇರೆಯೇ ಬಗೆಯ ವಾತ ಇರಬಹುದು, ಅದಕ್ಕೆ ಸರಿಯಾದ ಮಾತ್ರೆ ಇದೆ. ಎಲ್ಲಕ್ಕಿಂತ ತುರ್ತು ಅಂದರೆ ತೊಡೆಯ ಸಂದು, ಗುದದ ಸುತ್ತ ಸ್ಪರ್ಶ ಗೊತ್ತಾಗದಿರುವುದು, ಮೂತ್ರ ಹೋಗದಿರುವುದು ಅಥವಾ ತಿಳಿಯದೆ ಹೋಗುವುದು, ಎರಡೂ ಕಾಲಿನ ಬಲ ಕಡಿಮೆ ಆಗುವುದು. ಇದಕ್ಕೆ ಲೆಕ್ಕ ಗಂಟೆಗಳಲ್ಲಿ. ರಾತ್ರಿಯಾದರೂ ಕ್ಯಾಶುವಾಲ್ಟಿಗೆ ಹೋಗಿ, ನಾಳೆ ನೋಡೋಣ ಅನ್ನಬೇಡಿ.

ಇಷ್ಟೆಲ್ಲ ಬಿಟ್ಟರೆ ಉಳಿಯುವುದು ಸಾಧಾರಣ ಸೊಂಟ ನೋವು, ಕುತ್ತಿಗೆ ನೋವು. ಅದಕ್ಕೆ ಕೈಚಿಕಿತ್ಸೆ ಮಾಡಿಸಿಕೊಳ್ಳಿ, ನನ್ನದೇನೂ ಅಡ್ಡಿ ಇಲ್ಲ. ಮಂಗಳೂರು, ಮಣಿಪಾಲ, ದೇರಳಕಟ್ಟೆಯಂಥ ಕಡೆ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಲ್ಲೇ ಫಿಸಿಯೋಥೆರಪಿ ವಿಭಾಗಗಳಿವೆ, ಅಲ್ಲಿಂದ ಶುರು ಮಾಡಿದರೆ ಓದಿದವರ ಕೈಗೆ ಬೀಳುತ್ತೀರಿ. ಹೊರಗಿನ ಸೆಂಟರಿಗೆ ಹೋದರೆ ನಾಚಿಕೊಳ್ಳದೆ ಕೇಳಿ: ನೀವು ಏನು ಓದಿದ್ದೀರಿ, ಎಲ್ಲಿ ಓದಿದ್ದೀರಿ, ನನಗೆ ಮನೆಯಲ್ಲಿ ಮಾಡಲಿಕ್ಕೆ ಏನು ಹೇಳಿಕೊಡುತ್ತೀರಿ. ಮೂರು ನಾಲ್ಕು ಸಿಟ್ಟಿಂಗ್ ಆದ ಮೇಲೆ ಏನೂ ಬದಲಾವಣೆ ಕಾಣದಿದ್ದರೆ ಐದನೇದು ಯಾಕೆ ಅಂತಲೂ ಕೇಳಿ. ಮೊದಲ ದಿನವೇ "ನಿಮ್ಮ ಬೆನ್ನಿನ ಮಣಿ ಜಾರಿದೆ, 20 ಸಿಟ್ಟಿಂಗ್ ಪ್ಯಾಕೇಜ್ ತೆಗೆದುಕೊಳ್ಳಿ, ಇವತ್ತೇ ಕಟ್ಟಿದರೆ ಡಿಸ್ಕೌಂಟ್" ಅಂದರೆ ಚಪ್ಪಲಿ ಹಾಕಿಕೊಂಡು ಹೊರಡಿ. ದುಡ್ಡು ಕಟ್ಟಿಯಾಗಿದ್ದರೆ ರಸೀದಿ ಕೇಳಿ ಇಟ್ಟುಕೊಳ್ಳಿ.